ಬೆಲ್ಲ ಹೆಚ್ಚಿತ್ತ್

ಒಳ್ಳೆಯ ಕೆಲಸಕ್ಕೆ ಹೋಗಿ ನಗೆಪಾಟಲಾದವರಿಗೆ ಸಿಟ್ಟು ಮಾಡುವ ಹಕ್ಕಿದೆ ಎಂದು ನಾನು ನಂಬಿದ್ದೇನೆ. ಹಾಗೆ ನೋಡಿದರೆ ನಾನು ಸಿಟ್ಟಿನವಳಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ತಿದ್ದಿ ಕಲಿಸಿದ್ದು ಮುತ್ತು ಪೋಣಿಸಿದಂಥ ಅಕ್ಷರ ಮತ್ತು ದನಿ ಏರಿಸದ ಮಾತು. ಕಪಾಟಿನ ಬಾಗಿಲನ್ನೂ ಸದ್ದಾಗದಂತೆ ಹಾಕುವವಳು ನಾನು. ಅಂಥವಳಿಗೂ ಆ ವರ್ಷದ ಚೌತಿಯ ಮೊದಲು ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನು ಮದುವೆಯಾಗಿ ಗುಲ್ವಾಡಿಗೆ ಬಂದು ಆಗಿನ್ನೂ ಎರಡು ವರ್ಷ. ನಮ್ಮ ಓಣಿಯ ತುದಿಗೆ ರಾಮಣ್ಣನ ಜಿನಸಿನ ಅಂಗಡಿ, ಅದರ ಹಿಂದೆಯೇ ಅವನ ಮನೆ. ಕುಂದಾಪುರ ಪೇಟೆಯಲ್ಲಿ ಗಾಜಿನ ಬಾಗಿಲಿನ, ಒಳಗೆ ತಣ್ಣಗೆ ಗಾಳಿ ಬರುವ ದೊಡ್ಡ ಅಂಗಡಿ ತೆರೆದ ಮೇಲೆ ರಾಮಣ್ಣನ ಗಿರಾಕಿಗಳು ಅರ್ಧ ಆಗಿದ್ದರು. ಸಾಲದ್ದಕ್ಕೆ ಅವನು ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ. ಚೌತಿಗೆ ಹನ್ನೆರಡು ದಿನ ಇತ್ತು. "ಚೌತಿ ವ್ಯಾಪಾರವೂ ಪೇಟಿಗೆ ಹೋದ್ರೆ, ಮತ್ತೆ ನಾವ್ ಬಾಗ್ಲ್ ಹಾಕೂದೇ ಸೈ" ಎಂದು ಅವನ ಹೆಂಡತಿ ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿವೃತ್ತರಾದ ನಮ್ಮ ಓಣಿಯ ಮಾಸ್ಟ್ರು ಅಂಗಡಿ ಜಗಲಿಯಲ್ಲಿ ನಿಂತು ಭಾಷಣವನ್ನೇ ಮಾಡಿದರು. "ಸರದಿ ಮೇಲೆ ಅಂಗ್ಡಿ ನಾವೇ ಕಾಂಬ. ಇನ್ ಮೇಲೆ ಈ ಓಣಿಯೋರ್ ಒಂದ್ ಬೆಂಕಿಪೊಟ್ಣ ಸೈತ ಪೇಟಿಯಿಂದ ತರೂಕಾಗ!" ಎಲ್ಲರೂ ಹೂಂ ಎಂದರು. ನಾನಂತೂ ಎಲ್ಲರಿಗಿಂತ ಮೊದಲು ಕೈ ಎತ್ತಿ, ಪೇಟೆಯ ಬದಿಗೇ ಹೋಗುವುದಿಲ್ಲ ಎಂದೆ. ಅಕ್ಷರ ಚಂದ ಎಂಬ ಕಾರಣಕ್ಕೆ ಅಂಗಡಿಗೆ ತರಿಸಬೇಕಾದ ಸಾಮಾನಿನ ಚೀಟಿ ಬರೆಯುವ ಕೆಲಸ ನನಗೆ ಬಂತು.

ನಾನು ಅಂಗಡಿಯಲ್ಲಿ ಕೂತು ಒಂದೊಂದೇ ಸಾಮಾನಿನ ಹೆಸರು ಹೇಳಿದೆ. ಗಿರಿಜಕ್ಕ ಒಳಗೆ ತೆಂಗಿನಕಾಯಿ ಹೆರೆಯುತ್ತಾ ಉತ್ತರ ಕೊಟ್ಟಳು. "ಬೆಲ್ಲ?" "ಹೆಚ್ಚಿತ್ತ್." "ಅವಲಕ್ಕಿ?" "ಅದೂ ಹೆಚ್ಚಿತ್ತ್." "ಸಾಬೂನು?" "ಸ್ವಲ್ಪ ಇತ್ತ್." ನಾನು ಬೆಲ್ಲ, ಅವಲಕ್ಕಿಗಳಿಗೆ ಅಡ್ಡಗೆರೆ ಎಳೆದು ಸಾಬೂನಿನ ಮುಂದೆ ದುಂಡಗೆ 'ನಾಲ್ಕು ಪೆಟ್ಟಿಗೆ' ಎಂದು ಬರೆದೆ. ಡಬ್ಬ ತೆರೆದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇರೆಯವರ ಡಬ್ಬದಲ್ಲಿ ಇಣುಕುವುದು ಸಭ್ಯತೆಯಲ್ಲ ಎಂದು ನನಗೆ ಕಲಿಸಿದ್ದಾರೆ.

ಚೌತಿಗೆ ಎರಡು ದಿನ ಇರುವಾಗ ಸಾಮಾನಿನ ಟೆಂಪೋ ಬಂತು. ಸಾಬೂನು ಇಳಿಯಿತು, ಇನ್ನೂ ಇಳಿಯಿತು, ಟೆಂಪೋ ಹೋಯಿತು. ಬೆಲ್ಲಕ್ಕೆಂದು ಬಂದವರೆಲ್ಲ ಡಬ್ಬದ ತಳ ನೋಡಿದರು. ಮೀನು ಮಾರುವ ಜಲಜ ಖಾಲಿ ಬುಟ್ಟಿ ಕೆಳಗಿಟ್ಟು ನನ್ನ ಕಡೆ ತಿರುಗಿ, "ಹ್ವಾಯ್ ಅಮ್ಮ, ಈ ಸರ್ತಿ ಗಣಪತಿಗೆ ಸಾಬೂನಿನ್ ಪಂಚಕಜ್ಜಾಯವಾ?" ಎಂದಳು. ಎಲ್ಲರೂ ನಕ್ಕರು. ಒಳಗೆ ಮಲಗಿದ್ದ ರಾಮಣ್ಣ ಮಾತ್ರ ನಗಲಿಲ್ಲ.

"ನೀವೇ ಹೆಚ್ಚಿದೆ ಅಂದಿರಲ್ಲ!" ಎಂದು ಗಿರಿಜಕ್ಕನಿಗೆ ಹೇಳಿದೆ, ಜೀವಮಾನದಲ್ಲಿ ಮೊದಲ ಸಲ ದನಿ ಏರಿಸಿ.

"ಅಯ್ಯೋ ಮಾರಾಯ್ತಿ, ಅಂಗ್ಡ್ಯಂಗೆ ಕೂಕಂಡ್ 'ಇಲ್ಲೆ' ಅಂದ್ ಅಪಶಕುನ ಹೇಳೂಕಾತ್ತಾ? ಖಾಲಿ ಆದ್ದಕ್ಕೇ ಹೆಚ್ಚಿತ್ತ್ ಅಂಬ್ದ್. ಅಷ್ಟೂ ಗೊತ್ತಿಲ್ಯಾ?"

ಗೊತ್ತಿಲ್ಲ! ಹೇಗೆ ಗೊತ್ತಿರಬೇಕು? ಖಾಲಿ ಡಬ್ಬಕ್ಕೆ ಹೆಚ್ಚು ಎನ್ನುವ ಊರಿನಲ್ಲಿ ಚೀಟಿ ಬರೆಯುವವಳ ಗತಿ ಏನು? ಮದುವೆಯ ಮೊದಲು ನನ್ನ ಅಡುಗೆ, ಹೊಲಿಗೆ, ಜಾತಕ ಎಲ್ಲ ವಿಚಾರಿಸಿದ ಇವರಲ್ಲಿ ಒಬ್ಬರಿಗಾದರೂ ಇದೊಂದು ಮಾತು ಹೇಳಬೇಕೆಂದು ತೋಚಲಿಲ್ಲವಲ್ಲ!

ಮುಂದಿನ ಟೆಂಪೋ ಚೌತಿ ಕಳೆದ ಮೇಲೆಯೇ. "ಬಾಗ್ಲ್ ಹಾಕಿ ಮಾರಾಯ್ರೆ, ಎಲ್ಲ ಪೇಟಿಗೆ ಹೋಯ್ಲಿ" ಎಂದು ಒಳಗಿನಿಂದ ರಾಮಣ್ಣನ ಸೋತ ದನಿ ಬಂತು.

"ಬಾಗ್ಲ್ ಎಂತಕ್ಕೆ ಹಾಕೂದ್?" ಎಂದು ಜಲಜ ಸೊಂಟಕ್ಕೆ ಕೈ ಕೊಟ್ಟಳು. "ಈ ಓಣಿಯ ಮನಿಮನಿಯಂಗೂ ಬೆಲ್ಲ ಇತ್ತ್. ಮೀನ್ ಕೊಡೂಕೆ ಹಿಂಬಾಗ್ಲಿಗೆ ಹೋಪವ್ಳ್ ನಾನ್, ಎಲ್ಲರ ಅಡ್ಗಿಮನಿ ಕಂಡಿದ್ದೆ. ತಂದ್ ಹಾಕಿ ಇಲ್ಲಿ!"

ಆಮೇಲೆ ಒಬ್ಬೊಬ್ಬರೇ ಮನೆಗೆ ಹೋಗಿ ಚೀಲ ತಂದರು. ಮಾಸ್ಟ್ರ ಬೆಲ್ಲ ಪೇಟೆಯ ಆ ಗಾಜಿನಂಗಡಿಯ ನೀಲಿ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಭಾಷಣ ಮಾಡಿದವರೇ ಹೀಗೆ! ನನಗೆ ಮೈಯೆಲ್ಲ ಉರಿಯಿತು. ಉರಿಯುತ್ತಲೇ ಮನೆಗೆ ಹೋಗಿ, ಮೇಲಿನ ಕಪಾಟಿನಲ್ಲಿ ಗೋಧಿಹಿಟ್ಟಿನ ಹಿಂದೆ ಇದ್ದದ್ದನ್ನು ತೆಗೆದು, ನೀಲಿ ಕವರು ಬಿಚ್ಚಿ, ಹಳೆಯ ಪೇಪರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿ ತಂದೆ. ಗಿರಿಜಕ್ಕ ಎಲ್ಲರದ್ದನ್ನೂ ತಕ್ಕಡಿಗೆ ಹಾಕಿದಳು. ಎಲ್ಲರಿಗಿಂತ ಹೆಚ್ಚು ತೂಗಿದ್ದು ನನ್ನದೇ.

ಆ ಸಂಜೆಯೊಳಗೆ ಬೆಲ್ಲವೆಲ್ಲ ಮಾರಿ ಹೋಯಿತು. ಕೊಂಡವರು ಹೆಚ್ಚಾಗಿ ಕೊಟ್ಟವರೇ. ರಾಮಣ್ಣನ ಅಂಗಡಿಯ ಬಾಗಿಲು ಈಗಲೂ ತೆರೆದಿದೆ. ಅವತ್ತು ಬುಟ್ಟಿ ಎತ್ತಿ ತಲೆಗಿಡುತ್ತಾ ಜಲಜ, "ಅಮ್ಮ, ನೀವ್ ಪೇಟಿ ಬದಿಗೇ ಹೋತಿಲ್ಲೆ ಅಂದದ್ದ್ ಅಲ್ದಾ?" ಎಂದು ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ ಕೇಳಿದಳು. ನಾನು ಎರಡು ಸಾಬೂನು ಕೊಂಡುಕೊಂಡು ಮನೆಗೆ ಬಂದೆ.