ಇಡ್ಲಿ ಪಾತ್ರೆಯಲ್ಲಿ ಡ್ರಿಫ್ಟ್‌ವುಡ್

ಅತ್ತೆಯ ಬಾಯಿಂದ ಹೊಗಳಿಸಿಕೊಳ್ಳಬೇಕಾದರೆ ಅಳಿಯನಾದವನು ಪುಣ್ಯ ಮಾಡಿರಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೇನಿಲ್ಲ, ಮನೆಯಲ್ಲೊಂದು ಮೀನಿನ ತೊಟ್ಟಿ ಇದ್ದರೂ ಆಗುತ್ತದೆ. ನಮ್ಮ ಬೊರಿವಲಿಯ ಫ್ಲ್ಯಾಟಿನಲ್ಲಿ ಅಂಥದ್ದೊಂದಿದೆ. ಮೀನು ನೋಡುತ್ತಿದ್ದರೆ ಬಿ.ಪಿ. ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ತಂದದ್ದು. ನನ್ನನ್ನು ನೋಡಿದರೆ ಮೀನುಗಳ ಬಿ.ಪಿ. ಏರುತ್ತದೋ ಏನೋ, ನಾನು ಕುರ್ಚಿ ಎಳೆದು ಕೂತ ಕೂಡಲೇ ಎಲ್ಲವೂ ಫಿಲ್ಟರಿನ ಹಿಂದೆ ಸೇರಿಕೊಳ್ಳುತ್ತವೆ. ಅಡಗಲು ಜಾಗವಿದ್ದರೆ ಅವಕ್ಕೆ ಧೈರ್ಯ ಬರುತ್ತದೆ, ಒಂದು ಡ್ರಿಫ್ಟ್‌ವುಡ್ ಹಾಕಿ ಎಂದ ಅಂಗಡಿಯವನು. ಡ್ರಿಫ್ಟ್‌ವುಡ್ ಎಂದರೆ ನೀರಲ್ಲಿ ಕೊಚ್ಚಿಕೊಂಡು ಬಂದ ಮರದ ಕೊರಡು. ಊರಿನ ಹೊಳೆಬದಿಯಲ್ಲಿ ಬಿಟ್ಟಿ ಸಿಗುವಾಗ ಅದನ್ನು ಒಲೆಗೆ ಹಾಕುತ್ತಿದ್ದೆವು. ಇಲ್ಲಿ ಇಂಗ್ಲಿಷ್ ಹೆಸರಿಟ್ಟುಕೊಂಡು ಶೋಕೇಸಿನಲ್ಲಿ ಕೂತಿತ್ತು. ಹಾಗೇ ಹಾಕಿದರೆ ತೇಲುತ್ತದೆ, ನೀರೆಲ್ಲ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಮೊದಲು ಕಲ್ಲು ಹೇರಿ ಚೆನ್ನಾಗಿ ಕುದಿಸಬೇಕಂತೆ. ಹೆಂಡತಿ ಶೈಲಾಳ ಕಣ್ಣಿಗೆ ಬಿದ್ದರೆ ಕಷ್ಟವೆಂದು ಅದನ್ನು ಆಫೀಸ್ ಬ್ಯಾಗಿನಲ್ಲಿ ಅಡಗಿಸಿ ಮನೆಗೆ ತಂದೆ.

ಆಗ ಉಡುಪಿಯಿಂದ ಬಂದಿದ್ದ ಅತ್ತೆ ನಮ್ಮಲ್ಲೇ ಇದ್ದರು, ಬೇಸರದಲ್ಲೂ ಇದ್ದರು. ಮರುದಿನ ಆಟಿ ಅಮಾವಾಸ್ಯೆ. ಆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿದರೆ ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಯಾರೂ ನೋಡದ ಹಾಗೆ ಹೋಗಿ ಕೆತ್ತೆ ತರಬೇಕು, ಕಷಾಯಕ್ಕೆ ಕಾದ ಬಿಳಿ ಕಲ್ಲು ಹಾಕಬೇಕು. ಊರಿನಿಂದ ಬಸ್ಸಿನಲ್ಲಿ ಬರಬೇಕಿದ್ದ ಕೆತ್ತೆ ಮಳೆಯ ದೆಸೆಯಿಂದ ದಾರಿಯಲ್ಲೆಲ್ಲೋ ಉಳಿದಿತ್ತು. "ಬುದ್ಧಿ ಬಂದ ಮೇಲೆ ಒಂದು ವರ್ಷ ತಪ್ಪಿದ್ದಿಲ್ಲ. ಈ ಬೊಂಬಾಯಿಗೆ ಬಂದು ತಪ್ಪಿತು," ಎಂದು ಅತ್ತೆ ಊಟದ ನಡುವೆ ಕಣ್ಣೊರೆಸಿಕೊಂಡರು. ಬೊಂಬಾಯಿಯ ಪ್ರತಿನಿಧಿಯಾಗಿ ಎದುರಿಗೆ ಕೂತಿದ್ದವನು ನಾನು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಶೈಲಾಳ ಇಡ್ಲಿ ಪಾತ್ರೆಯಲ್ಲಿ ಕೊರಡನ್ನು ಮುಳುಗಿಸಿ, ತೊಟ್ಟಿಯದೇ ಒಂದು ಬಿಳಿ ಕಲ್ಲು ಹೇರಿ, ಗ್ಯಾಸಿನ ಮೇಲಿಟ್ಟು ಹಾಲು ತರಲು ಇಳಿದೆ. ಕೆಳಗೆ ಸೊಸೈಟಿಯ ಸೆಕ್ರೆಟರಿ ಸಿಕ್ಕಿ ಪಾರ್ಕಿಂಗಿನ ಕಥೆ ಶುರುಮಾಡಿದರು. ಅವರಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಅತ್ತೆ ಮಿಂದು, ಪಾತ್ರೆಗೆ ಬೆಳ್ಳುಳ್ಳಿ, ಕರಿಮೆಣಸು ಜಜ್ಜಿ ಹಾಕಿ, ಸೋಸಿ, ತಮ್ಮ ಲೋಟ ಖಾಲಿ ಮಾಡಿ ಆಗಿತ್ತು.

"ಯಾರಿಗೂ ಹೇಳದೆ ತಂದಿರಲ್ಲ! ಅದೇ ಕ್ರಮ. ಕಲ್ಲು ಹಾಕ್ಲಿಕ್ಕೂ ಮರೆಯಲಿಲ್ಲ. ಕಹಿ ಸ್ವಲ್ಪ ಕಡಿಮೆ ಉಂಟು, ಬೊಂಬಾಯಿಯ ಕೆತ್ತೆ ಅಲ್ವಾ? ಅಡ್ಡಿಲ್ಲ. ನಾನು ನಿಮ್ಮನ್ನು ಎಂಥದ್ದೋ ಅಂದುಕೊಂಡಿದ್ದೆ ಮಾರಾಯ್ರೆ."

ಮದುವೆಯಾದಂದಿನಿಂದ ಕೇಳಿರದ ಮಾತು. ನಿಜ ಹೇಳಲು ಬಾಯಿ ತೆರೆದವನು ಅವರ ಕಣ್ಣು ತುಂಬಿದ್ದು ಕಂಡು ಮುಚ್ಚಿಕೊಂಡೆ. ಆದರೆ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಬಾಲ್ಕನಿಗೆ ಓಡಿ, ಅಂಗಡಿಯವನನ್ನು ಫೋನಿನಲ್ಲೇ ನಿದ್ದೆಯಿಂದೆಬ್ಬಿಸಿ, ಆ ಕೊರಡಿಗೆ ಬಣ್ಣ ಗಿಣ್ಣ ಹಚ್ಚಿದ್ದೀಯಾ ಎಂದು ಕೇಳಿದೆ.

"ಏಕ್‌ದಮ್ ನ್ಯಾಚುರಲ್ ಸಾಬ್. ಮಛ್ಲಿ ಕೋ ಕುಛ್ ನಹೀಂ ಹೋಗಾ." ಮೀನಿಗೆ ಏನೂ ಆಗುವುದಿಲ್ಲವಂತೆ.

"ಮಛ್ಲಿ ನಹೀಂ, ಮೇರೀ ಸಾಸ್ ನೇ ಪಾನೀ ಪೀ ಲಿಯಾ!" ನೀರು ಕುಡಿದದ್ದು ಮೀನಲ್ಲ, ನನ್ನ ಅತ್ತೆ ಎಂದು ಕೂಗಿದೆ.

"ಸಾಸ್ ಕೀ ಗ್ಯಾರಂಟಿ ಹಮ್ ನಹೀಂ ದೇತೇ ಸಾಬ್," ಎಂದು ಅತ್ತೆಯ ಹೊಣೆ ಕೊಡವಿಕೊಂಡು ಫೋನಿಟ್ಟ.

ಒಳಗೆ ಬಂದರೆ ಶೈಲಾ ಗ್ಯಾಸಿನ ಮುಂದೆ ನಿಂತಿದ್ದಳು. ಕೊರಡನ್ನು ನೋಡಿದಳು, ತೊಟ್ಟಿಯ ಕಲ್ಲನ್ನು ಗುರುತಿಸಿದಳು, ತನ್ನ ಇಡ್ಲಿ ಪಾತ್ರೆಯನ್ನು ನೋಡಿದಳು, ಕೊನೆಗೆ ನನ್ನನ್ನು. ಅವಳಿಗೆ ಎಲ್ಲ ತಿಳಿಯಿತು. ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡೆ. ಅವಳು ತಣ್ಣಗೆ, "ಅಮ್ಮ, ನಂದನ್ನೂ ಇವರಿಗೇ ಕೊಡು. ಅಷ್ಟು ಕಷ್ಟಪಟ್ಟು ತಂದಿದ್ದಾರೆ," ಎಂದಳು. ನನ್ನ ಪಾಲಿನ ಜೊತೆ ಅವಳ ಲೋಟವನ್ನೂ ಕುಡಿದೆ. ಅತ್ತೆ ಇನ್ನಷ್ಟು ಬಗ್ಗಿಸಿಕೊಳ್ಳುವ ಮೊದಲು ಮುಗಿಯಲಿ ಎಂದು ಪಾತ್ರೆಯಲ್ಲಿ ಉಳಿದದ್ದನ್ನೂ ನಾನೇ ಕುಡಿದೆ. ಅಳಿಯನ ಭಕ್ತಿ ಕಂಡು ಅತ್ತೆ ನನಗೆ ದೃಷ್ಟಿ ತೆಗೆದರು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಕಷಾಯದ ಉಷ್ಣ ಇಳಿಯಲೆಂದು ಮೆಂತೆ ಗಂಜಿ ಉಂಡು, ಮಹಡಿ ಮಹಡಿ ಹತ್ತಿ, ಬಿಲ್ಡಿಂಗಿನಲ್ಲಿರುವ ಊರಿನವರಿಗೆಲ್ಲ ನನ್ನ ಗುಣಗಾನ ಮಾಡಿ ಬಂದರು. ಒಂದು ಸೀನು ಕೂಡ ಬರಲಿಲ್ಲ ಅವರಿಗೆ. ನಾನು ಆಫೀಸಿಗೆ ರಜೆ ಹಾಕಿ, ಹೊಟ್ಟೆ ಹಿಡಿದುಕೊಂಡು ಬಾತ್‌ರೂಮಿನಲ್ಲಿದ್ದೆ. ಬಾಗಿಲಾಚೆ ಅತ್ತೆ ಮಗಳಿಗೆ ಸಮಾಧಾನ ಹೇಳುತ್ತಿದ್ದರು:

"ಹೆದರ್ಬೇಡ, ಒಳ್ಳೆದೇ ಆಯ್ತು. ಒಳಗೆ ಕಲ್ಮಶ ಇದ್ದವರಿಗೇ ಮದ್ದು ಹೀಗೆ ಹಿಡಿಯುವುದು."

"ಎಷ್ಟು ವರ್ಷದ್ದೋ ಏನೋ ಅಮ್ಮ," ಎಂದಳು ಶೈಲಾ.

ಎದ್ದು ಹೋಗಿ ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.