ಕಂಪ್ಯೂಟರಿನ ಬಾಜೂಕ ಕಂಪ್ಯೂಟರು

ಪದವಿ ಪಡೆದವನಿಗೆ ಅಂಟಿಕೊಳ್ಳುವ ಒಂದು ರೋಗವಿದೆ. 'ನನಗೆ ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಹೊರಡುವುದಿಲ್ಲ. ನನಗಂತೂ ಈ ರೋಗ ಜೋರಾಗಿಯೇ ಬಡಿದಿದೆ. ಏಕೆಂದರೆ ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಮನುಷ್ಯ ನಾನು. ತಿರ್ಲಾಪುರದ ನಮ್ಮ ಓಣಿಯಲ್ಲಿ ಯಾರ ಮನೆಗೆ ಸರ್ಕಾರಿ ಕಾಗದ ಬಂದರೂ ಓದಲು ನನ್ನ ಕೈಗೆ ಕೊಡುತ್ತಾರೆ. ಅದು ಸರಿ. ಆದರೆ ಒಮ್ಮೆ ಎದುರು ಮನೆಯ ಟಿ.ವಿ. ಕೆಟ್ಟಾಗಲೂ ನನ್ನನ್ನೇ ಕರೆದರು. ಇತಿಹಾಸ ಓದಿದವನಿಗೆ ಟಿ.ವಿ. ರಿಪೇರಿ ಬರುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಗಂಭೀರವಾಗಿ ಅದರ ಹಿಂದೆ ಹೋಗಿ ಎರಡು ಬಡಿದೆ. ದುರ್ದೈವಕ್ಕೆ ಅದು ಚಾಲೂ ಆಯಿತು. ಅಂದಿನಿಂದ ನನ್ನ ರೋಗಕ್ಕೆ ಮದ್ದಿಲ್ಲದಂತಾಗಿದೆ.

ಈ ವರ್ಷ ಮನೆಗೆ ಹೊಸ ಕಂಪ್ಯೂಟರ್ ತಂದೆ. ಹೈಸ್ಕೂಲ್ ಮಾಸ್ತರನ ಅರ್ಧ ಜೀವನ ಈಗ ಮಕ್ಕಳ ಅಂಕಗಳನ್ನು ತುಂಬುವುದರಲ್ಲೇ ಹೋಗುತ್ತದೆ. ಮೇಜಿನ ಮೇಲೆ ಹಳೆಯದೂ ಹಾಗೇ ಕೂತಿತ್ತು. ನನ್ನ ಹೆಂಡತಿ ರೇಣುಕಾ ಅಂಗನವಾಡಿ ಟೀಚರು. ಅವಳು ಒಂದು ದಿನ ರಿಜಿಸ್ಟರುಗಳ ಗಂಟು ಹಿಡಿದುಕೊಂಡು ಮೇಜಿನ ಮುಂದೆ ನಿಂತಳು.

"ಈ ಹಳೇದನ್ನ ಗುಜರಿಯಾಂವಗ ಕೊಟ್ಟಬಿಡ್ರಿ. ಅರ್ಧಾ ಟೇಬಲ್ ಇದಾ ನುಂಗೇತಿ. ನೆಲಕ್ಕ ಕುಂತ ಬರದ ಬರದ ನನ್ನ ನಡಾ ಹೋತು."

"ಅದು ಕೆಲಸಕ್ಕ ಬರ್ತೈತಿ."

"ಏನ್ ಕೆಲಸಕ್ಕ?"

ಮತ್ತೆ ನನ್ನ ರೋಗ. "ಹೊಸದಕ್ಕ ಇದನ್ನ ಎರಡನೇ ಪರದೆ ಮಾಡ್ತೇನಿ. ಇಲ್ಲಿ ಹೆಸರಿನ ಯಾದಿ ನೋಡಿಕೋತ, ಅಲ್ಲಿ ಅಂಕ ತುಂಬೂದು. ಕಾಗದಾ ತೊಡಿಮ್ಯಾಲ ಇಟ್ಕೊಳ್ಳೂದ ಬ್ಯಾಡ."

"ಅಮಾಸಿತನಕ ನೋಡ್ತೇನಿ," ಎಂದಳು ರೇಣುಕಾ. "ಆಗಲಿಲ್ಲಂದ್ರ ಗುಜರಿ."

ಹಳೆಯದನ್ನು ಯಾಕೆ ಕೊಡಲಾರೆ ಎಂಬುದನ್ನು ಅವಳಿಗೆ ನಾನು ಸರಿಯಾಗಿ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನನಗೆ ನೌಕರಿ ಹತ್ತಿದ ವರ್ಷ ಅದನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತಂದೆವು. ನನ್ನ ತೊಡೆಯ ಮೇಲೆ ಪರದೆ, ಅಪ್ಪನ ತೊಡೆಯ ಮೇಲೆ ಸಿಪಿಯು ಡಬ್ಬಿ. ಊರವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದ ಅಪ್ಪನಿಗೆ ಅಕ್ಷರ ಗೊತ್ತಿರಲಿಲ್ಲ. ಕಂಡಕ್ಟರ್ ಬಂದು, "ಕಾಕಾ, ಅದನ್ನ ಕೆಳಗ ಇಡ್ರಿ, ಆರಾಮ ಕೂಡ್ರಿ" ಎಂದ. ಅಪ್ಪ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, "ಇದು ಕೆಳಗ ಇಡೂದಲ್ರಿ. ಮಗಾ ಸಾಲಿ ಕಲತದ್ದು ಇದರಾಗ ಐತಿ" ಎಂದ. ನಾನು ಕಲಿತದ್ದು ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಅದು ಖಾಲಿ ಡಬ್ಬಿ. ಆದರೆ ನವಲಗುಂದ ದಾಟಿ ಊರು ಬರುವತನಕ ಅಪ್ಪ ಅದನ್ನು ಇಳಿಸಲಿಲ್ಲ. ಇಳಿದ ಮೇಲೆ ಅವನ ಕಾಲು ಜೋಮು ಹಿಡಿದು, ನಾನು ಪರದೆಯ ಜೊತೆಗೆ ಅಪ್ಪನನ್ನೂ ಹಿಡಿದುಕೊಂಡು ಮನೆ ಮುಟ್ಟಿಸಬೇಕಾಯಿತು.

ಮರುದಿನ 'ದುರ್ಗಪ್ಪ' ಎಂದು ಟೈಪ್ ಮಾಡಿ, ಇದು ನಿನ್ನ ಹೆಸರು ಎಂದು ತೋರಿಸಿದೆ. "ಸಣ್ಣದಾತು, ದೊಡ್ಡದ ಮಾಡ" ಎಂದ. ಮಾಡಿದೆ. "ಇನ್ನೂ ದೊಡ್ಡದ." ಕೊನೆಗೆ 'ದು' ಒಂದೇ ಇಡೀ ಪರದೆ ತುಂಬಿಕೊಂಡಿತು, ಉಳಿದ ಹೆಸರು ಎಲ್ಲೋ ಹೊರಗೆ ಹೋಯಿತು. "ಈಗ ಅಗದಿ ಬರೋಬ್ಬರಿ ಆತ ನೋಡ" ಎಂದವನೇ ಓಣಿಯವರನ್ನು ಕರೆಯಲು ಹೋದ. ಅಪ್ಪ ಈಗಿಲ್ಲ. ಡಬ್ಬಿ ಇದೆ. ಮೊನ್ನೆ ಅದನ್ನು ಬಿಚ್ಚಿದಾಗ ಫ್ಯಾನಿಗೆ ಅರಳೆ ಸುತ್ತಿಕೊಂಡಿತ್ತು. ಹತ್ತಿ ಬೆಳೆಯುವ ಸೀಮೆಯ ಕಂಪ್ಯೂಟರ್ ಬೇರೆ ಏನನ್ನು ತಾನೇ ಉಸಿರಾಡೀತು?

ಇರಲಿ. ಎರಡೂ ಕಂಪ್ಯೂಟರಿನ ನಡುವೆ ಒಂದು ವೈರು ಎಳೆದು, ಎರಡರಲ್ಲೂ ಒಂದೊಂದು ಪ್ರೋಗ್ರಾಮ್ ಹಾಕಿ, ಎರಡು ವಾರ ಒದ್ದಾಡಿದೆ. ಹದಿನೈದನೇ ದಿನ ಮೌಸಿನ ಬಾಣ ಹೊಸ ಪರದೆಯ ಅಂಚು ದಾಟಿ ಹಳೆಯದರೊಳಗೆ ಕಾಲಿಟ್ಟಿತು. ಬಾಣ ದಾಟಿತು, ಆದರೆ ಮುದುಕರು ರಸ್ತೆ ದಾಟುವ ಹಾಗೆ. ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಯಾದಿಯನ್ನು ಅತ್ತ ಕಳಿಸಿ, ನೀರು ಕುಡಿದು ಬರುವಷ್ಟರಲ್ಲಿ ಅವ್ವ ಹಳೆಯ ಪರದೆಗೆ ತನ್ನ ಸೀರೆಯ ತುಂಡು ಹೊದಿಸಿಬಿಟ್ಟಿದ್ದಳು.

"ಯವ್ವಾ, ಅದು ಚಾಲೂ ಐತಿ!"

"ಮುಂದ ಯಾರೂ ಕುಂತಿಲ್ಲಲ್ಲೋ ತಮ್ಮಾ. ಧೂಳ ಬೀಳತೈತಿ."

ಯಂತ್ರದ ಮುಂದೆ ಮನುಷ್ಯ ಕೂತಿದ್ದರೆ ಅದು ದುಡಿಯುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ಅವ್ವನ ಲೆಕ್ಕ ಇಷ್ಟೇ. ಒಬ್ಬನೇ ಮನುಷ್ಯ ಎರಡು ಯಂತ್ರ ನೋಡುತ್ತಾನೆ ಎಂದು ಅವಳಿಗೆ ತಿಳಿಸಲು ಹೋದೆ. "ಎರಡ ತಾಟಿನಾಗ ಒಮ್ಮೆಲೆ ಉಣ್ತಿಯೇನ?" ಎಂದು ಕೇಳಿ ನನ್ನ ಬಿ.ಎ. ಬಾಯಿ ಮುಚ್ಚಿಸಿದಳು.

ಅಮಾವಾಸ್ಯೆಗೆ ಎರಡು ದಿನ ಇದೆ ಎನ್ನುವಾಗ ನಮ್ಮ ಶಾಲೆಯ ಗಣಿತದ ಪಾಟೀಲ ಮಾಸ್ತರರು ಚಹಾಕ್ಕೆ ಬಂದರು. ನಾನು ಹುಮ್ಮಸ್ಸಿನಿಂದ ಬಾಣ ದಾಟಿಸಿ ತೋರಿಸಿದೆ. ಅವರು ಮೇಜಿನ ಕೆಳಗೆ ಬಗ್ಗಿ ನೋಡಿ ನಕ್ಕರು.

"ಇಷ್ಟೆಲ್ಲಾ ಯಾಕ ಒದ್ದಾಡಾಕತ್ತೀರಿ ಸರ್? ಹಳೇ ಪರದೇ ವೈರ್ ಕಿತ್ತಿ ಸೀದಾ ಹೊಸಾ ಡಬ್ಬಿಗೆ ಹಚ್ಚರಿ. ಎರಡ ನಿಮಿಷದ ಕೆಲಸ. ಈ ಹಳೇ ಡಬ್ಬಿ ಬೇಕಾಗೇ ಇಲ್ಲ."

ಇದು ನನಗೆ ಮೊದಲನೆಯ ದಿನದಿಂದಲೂ ಗೊತ್ತಿತ್ತು. ಹಾಗೆ ಮಾಡಿದರೆ ಪರದೆ ಉಳಿದು ಡಬ್ಬಿ ಗುಜರಿಗೆ ಹೋಗುತ್ತದೆಂದೇ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಪಾಟೀಲರು ವೈರಿಗೇ ಕೈ ಹಾಕಿದರು. "ಮುಟ್ಟಬ್ಯಾಡ್ರಿ!" ಎಂದು ನಾನು ಒದರಿದ ರಭಸಕ್ಕೆ ಅವರ ಚಹಾ ಅವರ ಅಂಗಿಯ ಮೇಲೆಯೇ ಚೆಲ್ಲಿತು. ಅಡುಗೆಮನೆಯ ಬಾಗಿಲಲ್ಲಿ ರೇಣುಕಾ ನಿಂತಿದ್ದಳು.

ಅವರು ಹೋದ ಮೇಲೆ ಕೇಳಿದಳು, "ಡಬ್ಬಿ ಬೇಕಾಗಿಲ್ಲಂತ ನಿಮಗ ಮೊದಲಾ ಗೊತ್ತಿತ್ತೇನು?"

"ಗೊತ್ತಿತ್ತು," ಎಂದೆ. ಬಸ್ಸಿನ ಕಥೆಯನ್ನೂ ಆವತ್ತೇ ಹೇಳಿದೆ. ಅವಳು ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಹೊಸದರ ಹಂಗಿಲ್ಲದ, ಇದೊಂದರಾಗ ಬರಿಯಾಕ ಬರ್ತೈತೇನ್ರಿ?"

"ಬರದೇ ಏನು? ಕಂಪ್ಯೂಟರ್ ಅಲ್ಲೇನು ಅದು?"

"ಮತ್ತ ಕಂಪ್ಯೂಟರನ್ನ ಹಿಡದ ಬರೇ ಪರದೆ ಮಾಡಿ ಕುಂದರಿಸೀರಲ್ಲ! ನಾ ತಿಂಗಳಾ ತಿಂಗಳಾ ನವಲಗುಂದದ ಬಸ್ ಹತ್ತಿ, ಅಂಗಡ್ಯಾಗ ಸಾಲ ನಿಂತ ಅಂಗನವಾಡಿ ಯಾದಿ ಟೈಪ್ ಮಾಡಿಸ್ಕೊಂಡ ಬರ್ತೇನಿ. ಮನ್ಯಾಗ ಎರಡ ಕಂಪ್ಯೂಟರ್, ಕುಂದ್ರಾಂವ ಒಬ್ಬ. ಗುಜರಿಗೆ ಬ್ಯಾಡ, ನನಗ ಕೊಡ್ರಿ."

ಮೂರು ವಾರ ತಲೆ ಕೆಡಿಸಿಕೊಂಡು ಆ ಯಂತ್ರಕ್ಕೆ ಒಂದು ಕೆಲಸ ಹುಡುಕಿದ ನನಗೆ, ಅದನ್ನು ಇನ್ನೊಬ್ಬರು ಬಳಸಬಹುದು ಎಂದು ಹೊಳೆದೇ ಇರಲಿಲ್ಲ. ಅದೇ ಸಂಜೆ ನಡುವಿನ ವೈರು ಕಿತ್ತೆ.

ಈಗ ನಾವಿಬ್ಬರೂ ಒಂದೇ ಮೇಜಿಗೆ ಕೂಡುತ್ತೇವೆ. ಅವಳು ಎರಡೇ ಬೆರಳಿನಲ್ಲಿ ಕೂಸುಗಳ ತೂಕ ಬರೆಯುತ್ತಾಳೆ. ನನ್ನ ಅಂಕಗಳ ಯಾದಿ ತಿರುಗಿ ಕಾಗದವಾಗಿ ತೊಡೆಯ ಮೇಲೆ ಬಂದಿದೆ. ನಿನ್ನೆ ಕತ್ತು ಚಾಚಿ, "ಅಲ್ಲಿ ಒಂದಕ್ಷರ ತಪ್ಪೇತಿ" ಎಂದೆ.

"ಗೊತ್ತೈತ್ರಿ," ಎಂದಳು ರೇಣುಕಾ, ತಲೆ ಎತ್ತದೆ. "ನಿಮ್ಮ ಪರದೆ ನೀವ್ ನೋಡ್ರಿ."

ನೋಡುತ್ತಿದ್ದೇನೆ. ನನಗೆ ಉಳಿದಿರುವುದೇ ಒಂದು.