ತೊಗರಿಬೇಳೆಯ ಒಕ್ಕೂಟದಿಂದ ನಾವು ಹೊರಬಂದದ್ದು

ನನ್ನ ಜೀವಮಾನದಲ್ಲಿ ಮಾಡಿದ ಭಾಷಣಗಳಲ್ಲಿ ಒಂದೇ ಒಂದು ಯಶಸ್ವಿಯಾಗಿದೆ. ಅದಕ್ಕಾಗಿ ಇಂದಿಗೂ ನಾಚಿಕೊಳ್ಳುತ್ತೇನೆ. ಉಳಿದ ಭಾಷಣಗಳಿಂದ ಯಾರಿಗೂ ತೊಂದರೆಯಾಗಿಲ್ಲ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗಲೆಲ್ಲ ಮೂರನೇ ನಿಮಿಷಕ್ಕೆ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಆಫೀಸಿನ ಮೀಟಿಂಗುಗಳಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ಕಾಫಿ ತರಲು ಏಳುತ್ತಿದ್ದರು. ಹೀಗೆ ನಿರುಪದ್ರವಿಯಾಗಿ ನಲವತ್ತು ವರ್ಷ ಕಳೆದವನ ಮಾತನ್ನು ಒಂದು ಯುಗಾದಿಯ ಮಧ್ಯಾಹ್ನ ಹದಿನಾರು ಸಂಸಾರಗಳು ಕೇಳಿಬಿಟ್ಟವು. ಕೇಳಿದ್ದಲ್ಲದೆ, ನಂಬಿಬಿಟ್ಟವು.

ಎಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಅಮೆರಿಕದ ಯೂನಿಯನ್ ಸಿಟಿಯಲ್ಲಿ. ನಾನು, ಹೆಂಡತಿ ವಿಮಲ, ಎಂಟು ವರ್ಷದ ಮಗಳು ಸುಮಾ. ಬೇ ಏರಿಯಾದ ಕನ್ನಡದ ಸಂಸಾರಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಅದಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಚುನಾವಣೆ ಎಲ್ಲ ಇದ್ದವು. ಆದರೆ ಅದರ ಜೀವ ಇದ್ದದ್ದು ತೊಗರಿಬೇಳೆಯಲ್ಲಿ. ಆಗ ನಮ್ಮ ಕಡೆಯ ದಿನಸಿ ಸಿಗುವ ಅಂಗಡಿ ಎಲ್ಲೋ ಒಂದೊಂದು. ಒಕ್ಕೂಟದವರೇ ಸಗಟು ವ್ಯಾಪಾರಿಯಿಂದ ಅಕ್ಕಿ, ಬೇಳೆ, ಹುಣಿಸೆಹಣ್ಣು, ರಾಗಿಹಿಟ್ಟು ಮೂಟೆಗಟ್ಟಲೆ ತರಿಸಿ ಎರಡು ತಿಂಗಳಿಗೊಮ್ಮೆ ಹಂಚಿಕೊಳ್ಳುತ್ತಿದ್ದರು. ಹಂಚುತ್ತಿದ್ದದ್ದು ಸರಟೋಗಾದಲ್ಲಿ, ಬೋರೇಗೌಡರ ಗರಾಜಿನಲ್ಲಿ. ಗೌಡರು ಮಂಡ್ಯದ ಕಡೆಯವರು, ದೊಡ್ಡ ಕಂಪನಿಯಲ್ಲಿ ಎಂಜಿನಿಯರು. ವಾರವೆಲ್ಲ ಟೈ ಕಟ್ಟಿಕೊಂಡಿರುತ್ತಿದ್ದ ಮನುಷ್ಯ ಹಂಚಿಕೆಯ ಭಾನುವಾರ ಹೆಗಲಿಗೆ ಟವೆಲು ಹಾಕಿಕೊಂಡು, ತೂಗುತಕ್ಕಡಿಯ ಮುಂದೆ ನಿಂತು, ಸಂತೆಯಲ್ಲಿ ಕೂಗಿದ ಹಾಗೆ ಒಬ್ಬೊಬ್ಬರ ಹೆಸರು ಕೂಗಿ ಬೇಳೆ ಅಳೆದುಕೊಡುತ್ತಿದ್ದರು. ಅಳೆಯುವ ಕೆಲಸ ಒಂದು ಗಂಟೆಯದು. ಆಮೇಲೆ ಅವರ ಹೆಂಡತಿ ಜಯಮ್ಮ ಮಾಡಿದ ಬಿಸಿಬೇಳೆಬಾತು ತಿಂದು, ಮಾತಾಡಿ, ಮಕ್ಕಳನ್ನು ಹುಡುಕಿ ಕಾರಿಗೆ ತುಂಬುವ ಹೊತ್ತಿಗೆ ಸಂಜೆ. ಆ ನಡುವೆ ಜಯಮ್ಮ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅ ಆ ಇ ಈ ತಿದ್ದಿಸುತ್ತಿದ್ದರು. ಸುಮಾ ಹುಟ್ಟಿದಾಗ ನನ್ನ ಅತ್ತೆಗೆ ವೀಸಾ ಸಿಗಲಿಲ್ಲ. ವಿಮಲಳ ಬಾಣಂತನ ಮಾಡಿದ್ದೂ ಈ ಜಯಮ್ಮನೇ.

ಇಷ್ಟೆಲ್ಲ ಇದ್ದರೂ ನಮ್ಮ ಈಸ್ಟ್ ಬೇ, ಅಂದರೆ ಕೊಲ್ಲಿಯ ಪೂರ್ವದ ಕಡೆಯವರಿಗೆ ಅಸಮಾಧಾನಗಳಿದ್ದವು. ಪ್ರತಿ ಸಲ ನಾವೇ ಸೇತುವೆ ದಾಟಿ ಹೋಗಬೇಕು. ದೂರದಿಂದ ತಡವಾಗಿ ಬರುವ ನಮಗೆ ಮೂಟೆಯ ತಳದ ಪುಡಿಬೇಳೆಯೇ ಗತಿ. ಅಧ್ಯಕ್ಷರು ಯಾವಾಗಲೂ ಆ ಕಡೆಯವರೇ. ಎಲ್ಲರಿಗಿಂತ ದೂರದಿಂದ, ವಾಲ್ನಟ್ ಕ್ರೀಕಿನಿಂದ ಬರುತ್ತಿದ್ದ ಡಾಕ್ಟರ್ ಶ್ರೀಕಂಠ ಅವರು, "ನಾನು ಹೋಗಿ ಬರೋಷ್ಟರಲ್ಲಿ ಎರಡು ಆಪರೇಷನ್ ಮಾಡಿ ಮುಗಿಸ್ಬಹುದು ಕಣ್ರೀ," ಎನ್ನುತ್ತಿದ್ದರು. ಇವೆಲ್ಲ ನಿಜವಾದ ದೂರುಗಳೇ. ಆದರೆ ನನ್ನ ದೂರು ಬೇರೆಯದಿತ್ತು. ಹಿಂದಿನ ವರ್ಷ ನಾನು ಕಾರ್ಯದರ್ಶಿ ಸ್ಥಾನಕ್ಕೆ ನಿಂತು ಸೋತಿದ್ದೆ. ಇದನ್ನು ನಾನು ಯಾರಿಗೂ ಹೇಳಿಕೊಳ್ಳಲಿಲ್ಲ, ವಿಮಲಳಿಗೂ. ಅವಳಿಗೆ ಹೇಳುವ ಅಗತ್ಯವೂ ಇರಲಿಲ್ಲ. ಬೇಳೆಯಲ್ಲಿ ಪುಡಿ ಜಾಸ್ತಿ ಎಂದು ನಾನು ಗೊಣಗಿದಾಗಲೆಲ್ಲ ಅವಳು, "ಹೋದ ವರ್ಷದ ಎಲೆಕ್ಷನ್ನಿಗೆ ಮುಂಚೆ ಇಷ್ಟು ಪುಡಿ ಇರ್ತಿರ್ಲಿಲ್ಲ, ಅಲ್ವಾ?" ಎಂದು ಮೊರ ಕೊಡವುತ್ತಿದ್ದಳು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಯೆನ್ಸ್ ಎಂಬ ಡೆನ್ಮಾರ್ಕಿನವನಿದ್ದ. ಅವನು ಒಂದು ದಿನ ಊಟದ ಹೊತ್ತಿನಲ್ಲಿ, ಗ್ರೀನ್‌ಲ್ಯಾಂಡಿನ ಜನ ವೋಟು ಹಾಕಿ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಒಕ್ಕೂಟದಿಂದ ಹೊರಬಂದದ್ದನ್ನು ಹೇಳಿದ. ಐವತ್ತು ಸಾವಿರ ಜನ ಅಷ್ಟೆ. ನಮ್ಮ ಸಮುದ್ರದ ಮೀನು ನಮಗಿರಲಿ ಎಂದು ಅಷ್ಟು ದೊಡ್ಡ ಕೂಟಕ್ಕೆ ಕೈಮುಗಿದು ಎದ್ದು ಬಂದರಂತೆ. ನನಗೆ ಮೈ ಜುಮ್ಮೆಂದಿತು. ಯೆನ್ಸ್ ಆಮೇಲೆ ಇನ್ನೂ ಏನೇನೋ ಹೇಳಿದ. ಅಲ್ಲಿಯ ಜನರಲ್ಲೇ ಈ ಬಗ್ಗೆ ಒಮ್ಮತವಿಲ್ಲ, ಅರ್ಧದಷ್ಟು ಜನ ಬೇಡವೆಂದಿದ್ದರು, ಮುಂದೇನಾಗುತ್ತದೋ ಕಾದು ನೋಡಬೇಕು ಎಂದೆಲ್ಲ. ಆ ಭಾಗ ಬರುವಷ್ಟರಲ್ಲಿ ನಾನು ಕಾಗದದ ಕರವಸ್ತ್ರದ ಮೇಲೆ ಭಾಷಣ ಬರೆಯಲು ಶುರುಮಾಡಿದ್ದೆ.

ಯುಗಾದಿಯ ಸಭೆಯಲ್ಲಿ ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಸ್ವಾಭಿಮಾನ ಎಂದೆ, ಸ್ವಾವಲಂಬನೆ ಎಂದೆ, ಗ್ರೀನ್‌ಲ್ಯಾಂಡ್ ಎಂದೆ. ನಾವು ಈಸ್ಟ್ ಬೇ ಕಡೆಯವರು ನಮ್ಮದೇ ಸಂಘ ಕಟ್ಟಿ, ನಮ್ಮದೇ ಬೇಳೆ ತರಿಸಿ, ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೆ ಎಂದೆ. ಯಾರೋ ಹಿಂದಿನಿಂದ, "ಯೂನಿಯನ್ ಸಿಟೀಲಿ ಕೂತ್ಕೊಂಡು ಯೂನಿಯನ್ ಬಿಡ್ತೀನಿ ಅಂತಾರಲ್ಲಪ್ಪ!" ಎಂದರು. ಎಲ್ಲರೂ ನಕ್ಕರು. ಬೋರೇಗೌಡರು ನಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಸ್ವಾಮಿ, ಆ ಗ್ರೀನ್‌ಲ್ಯಾಂಡಿನೋರು ಏನ್ ತಿಂತಾರೆ?"

"ಮೀನು," ಎಂದೆ.

"ಮೀನು ಅವ್ರ ಮನೆ ಮುಂದಿನ ಸಮುದ್ರದಾಗೇ ಐತೆ. ತೊಗರಿಬೇಳೆ ಯೂನಿಯನ್ ಸಿಟಿ ಸಮುದ್ರದಾಗೆ ಸಿಗ್ತದಾ?"

ಉತ್ತರವಿಲ್ಲದಾಗ ದನಿ ಏರಿಸುವುದು ಚರ್ಚಾಸ್ಪರ್ಧೆಯ ಕಾಲದಿಂದಲೂ ನನಗೆ ಗೊತ್ತಿದ್ದ ವಿದ್ಯೆ. "ಇದು ಬೇಳೆಯ ಪ್ರಶ್ನೆ ಅಲ್ಲ ಗೌಡರೇ, ಗೌರವದ ಪ್ರಶ್ನೆ!" ಎಂದೆ. ಡಾಕ್ಟರ್ ಶ್ರೀಕಂಠ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಒಂದೊಂದೇ ಸಂಸಾರ ಎದ್ದಿತು. ಹೆಂಗಸರ ಸಾಲಿನಲ್ಲಿ ಜಯಮ್ಮನ ಪಕ್ಕ ಕೂತಿದ್ದ ವಿಮಲ ಮಾತ್ರ ಏಳಲಿಲ್ಲ. ಕೊನೆಗೆ ಜಯಮ್ಮನೇ ಅವಳ ಬೆನ್ನು ಸವರಿ, "ಹೋಗಮ್ಮ, ನಿಮ್ಮನೆಯೋರು ಕಾಯ್ತಾವ್ರೆ," ಎಂದು ಕಳಿಸಿದರು.

ಮರುವಾರ ನಾನೊಂದು ಪತ್ರ ಬರೆದೆ. ಒಳ್ಳೆಯ ಪತ್ರ, ಆಫೀಸಿನ ಟೈಪ್‌ರೈಟರಿನಲ್ಲಿ ಮಾಡಿದ್ದು. ಒಕ್ಕೂಟದಲ್ಲಿ ಸುದ್ದಿ ಮುಟ್ಟಿಸಲು ಟೆಲಿಫೋನಿನ ಸರಪಳಿ ಇತ್ತು. ಒಬ್ಬರು ಇಬ್ಬರಿಗೆ, ಆ ಇಬ್ಬರು ನಾಲ್ವರಿಗೆ ಫೋನು ಮಾಡುವುದು. ಆ ಸರಪಳಿಯಿಂದ ನಮ್ಮೆಲ್ಲರ ಹೆಸರು ತೆಗೆದುಹಾಕಬೇಕು, ಒಕ್ಕೂಟದ ವಿಷಯಕ್ಕೆ ನಮ್ಮ ಸದಸ್ಯರ ಮನೆಗೆ ಯಾರೂ ಫೋನು ಮಾಡಕೂಡದು ಎಂದು ಬರೆದು, ಕೆಳಗೆ 'ಅಧ್ಯಕ್ಷ' ಎಂದು ಸಹಿ ಹಾಕಿದೆ. ಕಾರ್ಯದರ್ಶಿಯಾಗಲು ಆಗದವನು ಒಂದೇ ವಾರದಲ್ಲಿ ಅಧ್ಯಕ್ಷನಾಗಿದ್ದೆ.

ಆಮೇಲಿನದು ಹೇಳಿಕೊಳ್ಳುವಂಥದ್ದಲ್ಲ. ಸಗಟು ವ್ಯಾಪಾರಿ ನಮ್ಮ ಹದಿನಾರು ಮನೆಯ ಪಟ್ಟಿ ನೋಡಿ, ಇಷ್ಟಕ್ಕೆಲ್ಲ ಲಾರಿ ಕಳಿಸುವುದಿಲ್ಲ ಎಂದ. ಅಲ್ಲಿ ಇಲ್ಲಿ ಹುಡುಕಿ ತಂದ ಬೇಳೆಗೆ ಎಣ್ಣೆ ಹಚ್ಚಿತ್ತು; ಎಷ್ಟು ತೊಳೆದರೂ ಸಾರಿನಲ್ಲಿ ಬೇರೆಯೇ ವಾಸನೆ. ನಮ್ಮ ಗರಾಜಿನಲ್ಲಿ ಅದನ್ನು ಹಂಚಿದೆವು. ಜನ ಬಂದರು, ಚೀಲ ತೆಗೆದುಕೊಂಡರು, ಹೋದರು. ಅಡುಗೆ ಮಾಡಿಟ್ಟಿದ್ದ ವಿಮಲ ಅರ್ಧ ಪಾತ್ರೆ ಚಿತ್ರಾನ್ನವನ್ನು ಫ್ರಿಜ್ಜಿಗೆ ಸೇರಿಸಿದಳು. ಕನ್ನಡದ ತರಗತಿ ನಾನೇ ನಡೆಸುತ್ತೇನೆ ಎಂದು ಮೂರು ಭಾನುವಾರ ಮಕ್ಕಳನ್ನು ಕೂರಿಸಿದೆ. ನಾಲ್ಕನೇ ಭಾನುವಾರ ಎಲ್ಲರಿಗೂ ಸಾಕರ್ ಪ್ರಾಕ್ಟೀಸು ಇತ್ತು. ಸುಮಾಳ ಅಕ್ಷರಮಾಲೆ 'ಣ'ದಲ್ಲಿ ನಿಂತುಹೋಯಿತು.

"ಡ್ಯಾಡಿ, ಆರ್ ವಿ ಮ್ಯಾಡ್ ಅಟ್ ಜಯಾ ಆಂಟಿ?" ಎಂದು ಅವಳು ಒಂದು ದಿನ ಕೇಳಿದಳು.

"ಇಲ್ಲಮ್ಮ, ಅವರ ಮೇಲೇನೂ ಕೋಪ ಇಲ್ಲ. ಇದು ಪ್ರಿನ್ಸಿಪಲ್ ವಿಷಯ," ಎಂದೆ.

"ವಿಚ್ ಪ್ರಿನ್ಸಿಪಲ್? ಮೈ ಸ್ಕೂಲ್ಸ್?"

ಅವಳಿಗೆ ತಿಳಿಸಿ ಹೇಳಲು ಹೊರಟು, ನನಗೇ ಸರಿಯಾಗಿ ತಿಳಿಯದೆ, ಅವಳ ಹೋಮ್‌ವರ್ಕು ಆಗಿದೆಯೇ ಎಂದು ವಿಚಾರಿಸಿದೆ.

ದೀಪಾವಳಿಗೆ ಮುಂಚೆ ಒಂದು ಭಾನುವಾರ ಪಾರ್ಕಿನಲ್ಲಿ ನಮ್ಮ ಹೊಸ ಸಂಘದ ಸಭೆ ಕರೆದೆ. ಬಿಟ್ಟು ಬಂದದ್ದರಿಂದ ಆದ ಲಾಭಗಳನ್ನು ಸದಸ್ಯರಿಗೆ ವಿವರಿಸುವುದು ನನ್ನ ಉದ್ದೇಶ. ವಿವರಣೆ ಮುಗಿಯುವ ಮೊದಲೇ ಜಗಳ ಹತ್ತಿಕೊಂಡಿತು. ಒಬ್ಬರು, ಸೇತುವೆ ದಾಟುವ ಕಷ್ಟ ತಪ್ಪಿತು ಎಂದರೆ ಇನ್ನೊಬ್ಬರು, ಸೇತುವೆ ದಾಟಿ ಹೋಗಲು ಈಗ ಯಾರ ಮನೆಯೂ ಇಲ್ಲವಲ್ಲ ಎಂದರು. ಬೇಳೆ ಕೆಟ್ಟದ್ದು ನಾವು ಬಿಟ್ಟಿದ್ದರಿಂದ ಎಂದು ಕೆಲವರು. ಈ ವರ್ಷ ಎಲ್ಲ ಕಡೆಯೂ ಬೇಳೆ ಹಾಗೇ ಎಂದು ಕೆಲವರು. ಪಕ್ಕದಲ್ಲಿ ಹುಟ್ಟುಹಬ್ಬ ಮಾಡಿಕೊಳ್ಳುತ್ತಿದ್ದ ಅಮೆರಿಕನ್ನರು ಕೇಕು ಕತ್ತರಿಸುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. "ಕಾಲ ಕೊಡಿ! ಒಂದು ವರ್ಷದಲ್ಲಿ ಎಲ್ಲ ಸರಿಹೋಗುತ್ತೆ!" ಎಂದು ಡಾಕ್ಟರ್ ಶ್ರೀಕಂಠ ಕೂಗಿದರು. ಆಗ ಎಂದೂ ಸಭೆಯಲ್ಲಿ ಮಾತಾಡದ ನನ್ನ ಹೆಂಡತಿ ಎದ್ದು ನಿಂತಳು.

"ಅಧ್ಯಕ್ಷರಿಗೆ ಒಂದು ಪ್ರಶ್ನೆ," ಎಂದಳು. "ಆರು ತಿಂಗಳಿಂದ ನಮ್ಮನೆ ಫೋನು ಎಷ್ಟು ಸಲ ರಿಂಗಾಗಿದೆ?"

ಅದು ಕಾರ್ಯಸೂಚಿಯಲ್ಲಿಲ್ಲದ ವಿಷಯ ಎಂದು ನಾನು ತೀರ್ಪು ಕೊಟ್ಟೆ. ಅಂದು ಮನೆಗೆ ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಸುಮಾಳ ಜೊತೆ ಕೂತಳು.

ಬೋರೇಗೌಡರಿಗೆ ಹಾರ್ಟ್ ಅಟ್ಯಾಕ್ ಆದ ಸುದ್ದಿ ನಮಗೆ ತಿಳಿದದ್ದು, ಅದು ಆಗಿ ಇಪ್ಪತ್ತೆರಡು ದಿನಗಳ ಮೇಲೆ. ದೂರದ ಒಂದು ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಅಂಗಡಿಯವನೇ, "ನಿಮ್ಮ ಗೌಡ ಸಾಹೇಬರು ಈಗ ಹೇಗಿದ್ದಾರೆ? ಬೈಪಾಸ್ ಆಯಿತಂತಲ್ಲ," ಎಂದ. ವಿಮಲ ಕರಿಬೇವನ್ನು ಅಲ್ಲೇ ಬಿಟ್ಟು ಹೊರಗೆ ನಡೆದು ಕಾರಿನಲ್ಲಿ ಕೂತಳು. ನಾನು ಕಾರನ್ನು ಸರಟೋಗಾದ ಕಡೆ ತಿರುಗಿಸಿದೆ.

ಬಾಗಿಲು ತೆರೆದ ಜಯಮ್ಮ ಸೊರಗಿದ್ದರು. ನಮ್ಮನ್ನು ನೋಡಿ, "ಬನ್ನಿ, ಬನ್ನಿ," ಎಂದರು. ಗೌಡರು ದಿಂಬೊಂದನ್ನು ಎದೆಗೆ ಅವುಚಿಕೊಂಡು ಆರಾಮಕುರ್ಚಿಯಲ್ಲಿ ಕೂತಿದ್ದರು. ಕೆಮ್ಮಿದರೆ, ನಕ್ಕರೆ ಹೊಲಿಗೆ ಎಳೆಯುತ್ತದಂತೆ, ಅದಕ್ಕೆ ದಿಂಬು.

"ಬನ್ನಿ ಗ್ರೀನ್‌ಲ್ಯಾಂಡ್!" ಎಂದು ತಾವೇ ನಕ್ಕು, ದಿಂಬನ್ನು ಗಟ್ಟಿಯಾಗಿ ಒತ್ತಿಕೊಂಡು ಮುಖ ಕಿವುಚಿದರು.

ಅಡುಗೆಮನೆಯಿಂದ ವಿಮಲಳ ಬಿಕ್ಕು ಕೇಳಿಸಿತು. "ಜಯಕ್ಕ, ನನಗೊಂದು ಫೋನು ಮಾಡ್ಬಾರ್ದಿತ್ತಾ?"

"ಮಾಡ್ದೆ ಕಣಮ್ಮ," ಜಯಮ್ಮ ಮೆಲ್ಲಗೆ ಹೇಳುತ್ತಿದ್ದರು. "ಆಸ್ಪತ್ರೆಯಿಂದ ಮೊದ್ಲು ನಿನ್ ನಂಬರೇ ತಿರುಗಿಸ್ದೆ. ಆಮೇಲೆ ಆ ಕಾಗ್ದ ನೆನಪಾಯ್ತು. ಒಕ್ಕೂಟದ್ ವಿಷಯಕ್ಕೆ ಫೋನ್ ಮಾಡ್ಬ್ಯಾಡಿ ಅಂತ ಬರ್ದಿದ್ರಲ್ಲ. ಎದೆನೋವು ಒಕ್ಕೂಟದ್ ವಿಷ್ಯಾನೋ ಅಲ್ವೋ ನಂಗೆ ಗೊತ್ತಾಗ್ಲಿಲ್ಲ. ಇಟ್ಬುಟ್ಟೆ."

ನಾನು ಗೌಡರ ಮುಖ ನೋಡಲಾರದೆ ಕಾರ್ಪೆಟ್ಟು ನೋಡುತ್ತಿದ್ದೆ. ಅವರಿಗೂ ಕೇಳಿಸಿತ್ತು. ನನ್ನ ಮುಜುಗರ ನೋಡಲಾಗದೆ ಅವರೇ ಮಾತು ತೆಗೆದರು. "ನೀವು ಹೋದ್ಮೇಲೆ ನಮ್ ಮೀಟಿಂಗು ಅರ್ಧ ಗಂಟೆಗೆ ಮುಗ್ದೋಗ್ತವೆ ಸ್ವಾಮಿ. ಆಮೇಲೆ ಏನ್ ಮಾಡ್ಬೇಕು ಅಂತ ಯಾರ್ಗೂ ತಿಳೀದೆ ಸುಮ್ಕೆ ಕುಂತಿರ್ತೀವಿ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಯುಗಾದಿಗೆ ನಾವು ಹದಿನಾರು ಸಂಸಾರಗಳೂ ಒಕ್ಕೂಟಕ್ಕೆ ಮರಳಿದೆವು. ಮರಳಿದೆವು ಎಂದರೆ, ಬಾಗಿಲು ತೆರೆದೇ ಇತ್ತು, ಒಳಗೆ ಹೋದೆವು. ಆದರೆ ಒಳಗಿದ್ದದ್ದು ಮೊದಲಿನ ಮನೆಯಲ್ಲ. ಭಾರ ಎತ್ತಕೂಡದೆಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರಿಂದ ಗೌಡರ ಗರಾಜಿನ ಹಂಚಿಕೆ ನಿಂತಿತ್ತು. ಬೇರೆ ಯಾರೂ ವಹಿಸಿಕೊಳ್ಳಲಿಲ್ಲ. ವಹಿಸಿಕೊಳ್ಳುವ ಅಗತ್ಯವೂ ಕಡಿಮೆಯಾಗುತ್ತಿತ್ತು, ಯಾಕೆಂದರೆ ಅಂಗಡಿಗಳು ಒಂದೊಂದಾಗಿ ಏಳುತ್ತಿದ್ದವು. ಈಗ ನಮ್ಮ ಮನೆಯ ಹತ್ತಿರವೇ ಒಳ್ಳೆಯ ಬೇಳೆ ಸಿಗುತ್ತದೆ, ಎಣ್ಣೆ ಹಚ್ಚದ್ದು. ಹೋಗುತ್ತೇನೆ, ತರುತ್ತೇನೆ, ಹತ್ತು ನಿಮಿಷ. ಜಯಮ್ಮನ ತರಗತಿ ಮತ್ತೆ ಶುರುವಾಗಲಿಲ್ಲ. ಡಾಕ್ಟರ್ ಶ್ರೀಕಂಠ ಮಾತ್ರ ಇವತ್ತಿಗೂ ಯಾವ ಮದುವೆಮನೆಯಲ್ಲಿ ಸಿಕ್ಕರೂ, ಬಿಟ್ಟದ್ದು ಸರಿಯೇ, ಇನ್ನೊಂದು ವರ್ಷ ತಾಳಿಕೊಂಡಿದ್ದರೆ ಫಲ ಕಾಣುತ್ತಿದ್ದೆವು ಎನ್ನುತ್ತಾರೆ. ಎದುರಿಗೆ ಕೂತವರು ಒಪ್ಪುವುದಿಲ್ಲ. ವಾದ ಪಾಯಸ ಬರುವ ತನಕ ನಡೆಯುತ್ತದೆ.

ನಾವು ಮರಳಿದ ಆ ಯುಗಾದಿಯ ಸಭೆಯಲ್ಲಿ ನಾನು ಕ್ಷಮೆ ಕೇಳಬೇಕೆಂದು ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತೆ. ಮೊದಲ ಸಾಲಿನಲ್ಲಿ ಗೌಡರು ದಿಂಬಿಲ್ಲದೆ, ತುಂಬ ತೆಳ್ಳಗಾಗಿ ಕೂತಿದ್ದರು. ಕಾಗದದ ಅಕ್ಷರಗಳು ಕಲಸಿಹೋದವು. "ತಪ್ಪಾಯ್ತು," ಎಂದಷ್ಟೇ ಬಾಯಿಂದ ಬಂತು. ಕೂರಬೇಕೆಂದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಡಾಕ್ಟರ್ ಶ್ರೀಕಂಠ ಕೂಗಿದರು: "ಕೇಳಿಸ್ಲಿಲ್ಲ ಸಾರ್! ಮೈಕ್ ಹತ್ರ ಬಂದು ಹೇಳಿ!"

ಹಾಗಾಗಿ ಮೈಕಿನ ಹತ್ತಿರ ಹೋಗಿ ಇನ್ನೊಂದು ಸಲ ಹೇಳಬೇಕಾಯಿತು. ಈ ಸಲ ಸಭಾಂಗಣದ ಹಿಂದಿನ ಅಡುಗೆಮನೆಯವರೆಗೂ ಸ್ಪಷ್ಟವಾಗಿ ಕೇಳಿಸಿತಂತೆ. ವಿಮಲ ಅಲ್ಲಿ ಜಯಮ್ಮನ ಜೊತೆ ಹೋಳಿಗೆ ಎಣಿಸಿಡುತ್ತಿದ್ದಳು. ವಾಪಸ್ಸು ಬರುವಾಗ, ಮುಂದಿನ ಸೀಟಿನಲ್ಲೇ ಕೂತು, ಸೇತುವೆಯ ಮೇಲೆ ಬಂದಾಗ ಕೇಳಿದಳು: "ರೀ, ಈ ಮಾತನ್ನ ಮನೇಲಿ ಯಾಕೆ ಅಷ್ಟು ಜೋರಾಗಿ ಹೇಳಲ್ಲ ನೀವು?"

ಹೆದ್ದಾರಿಯಿಂದ ಇಳಿಯಬೇಕಾದ ಎಗ್ಜಿಟ್ಟನ್ನು ಹುಡುಕುವವನಂತೆ ನಾನು ಕಣ್ಣು ಕಿರಿದು ಮಾಡಿಕೊಂಡು ಮುಂದೆಯೇ ನೋಡುತ್ತ ಕಾರು ಓಡಿಸಿದೆ. ಆ ದಾರಿಯಲ್ಲಿ ಏಳು ವರ್ಷದಿಂದ ದಿನಾ ಆಫೀಸಿಗೆ ಹೋಗಿ ಬರುತ್ತಿದ್ದೆ.